ಜಾಡಿಯಲ್ಲಿ ಉಳಿದ ಅರ್ಧ ಹಿಟ್ಟು

ಸೆಪ್ಟೆಂಬರ್ 28, ಶನಿವಾರ

ಜೇನು ಕಾಯಿಸಿದ್ದಾಯಿತು. ಈ ವರ್ಷದ್ದು ಕಪ್ಪು. ಕಾಡಿನ ಜೇನು ಜಾಸ್ತಿ, ಲಿಂಡನ್ ಹೂವಿನದು ಕಡಿಮೆ. ಅದಕ್ಕೆ ರೈ ಹಿಟ್ಟು, ಗೋಧಿ ಹಿಟ್ಟು, ಅಷ್ಟೆ. ಮಸಾಲೆ ಈಗ ಬೇಡ. ಕಲಸಿ, ಜಾಡಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ನಾನೂ ಗಂಡ ಕಿಲಿಯಾನೂ ಹಿಡಿದು ನೆಲಮಾಳಿಗೆಗೆ ಇಳಿಸಿದೆವು. ಕ್ರಿಸ್‌ಮಸ್ ಹತ್ತಿರ ಬರುವವರೆಗೆ ಮಲಗಿರಲಿ. ಲೇಬ್‌ಕೂಖನ್ ಎಂಬ ಈ ಜೇನು ಬಿಸ್ಕತ್ತಿನ ಹಿಟ್ಟಿಗೆ ನಿದ್ದೆ ಬೇಕು, ಅದರ ಹತ್ತಿರ ಗಲಾಟೆ ಮಾಡಬಾರದು ಎನ್ನುತ್ತಿದ್ದಳು ಅಮ್ಮ.

ಗಲಾಟೆ ಎಲ್ಲ ಮೇಲೆ, ಅಡುಗೆಮನೆಯಲ್ಲಿ. ಆಗಸ್ಟ್‌ನಲ್ಲಿ ರಿಟೈರ್ ಆದ ಮೇಲೆ ಕಿಲಿಯಾನ್‌ಗೆ ಸಿಗ್ನಲ್ ಕ್ಯಾಬಿನ್ ಇಲ್ಲ, ನಿಲ್ಲಿಸಲು ರೈಲುಗಳಿಲ್ಲ. ಇರುವವಳು ಹೆಂಡತಿ ಒಬ್ಬಳು. ಒಲೆ ಹತ್ತಿರ ಹೋದರೆ ಹಿಂದೆಯೇ ಬರುತ್ತಾನೆ. ಇವತ್ತು ಜೇನಿಗೆ ಥರ್ಮಾಮೀಟರ್ ಹಿಡಿದ. "ಅರವತ್ತು ದಾಟ್ತಾ ಇದೆ ರೋಸಿ." ಮದುವೆಯಾದಾಗಿನಿಂದ ಚಮಚದಿಂದ ಬೀಳುವ ಎಳೆ ನೋಡಿ ಹೇಳುತ್ತಿದ್ದೇನೆ, ಒಂದು ಸಲವೂ ಕೆಟ್ಟಿಲ್ಲ.

ಮಸಾಲೆ ಬಾಟಲಿಗಳನ್ನೆಲ್ಲ ಅಕ್ಷರದ ಕ್ರಮದಲ್ಲಿ ಜೋಡಿಸಿಟ್ಟಿದ್ದಾನೆ. ಇನ್ನು ಲವಂಗ ಬೇಕಾದರೆ ಸ್ಟೂಲು ಹತ್ತಬೇಕು.

ಸೆಪ್ಟೆಂಬರ್ 30, ಸೋಮವಾರ

ಫ್ರಿಜ್ ಮೇಲೆ ಟೈಮ್‌ಟೇಬಲ್ ಅಂಟಿಸಿದ್ದ. ಬೆಳಗಿನ ತಿಂಡಿ 7.10. ಆಲೂಗಡ್ಡೆ ಒಲೆಗೆ 11.38. ಹನ್ನೊಂದೂವರೆ ಅಲ್ಲ, 11.38. ಕಿತ್ತು ಹರಿದೆ. ಬಾಯಿಯೂ ಸುಮ್ಮನಿರಲಿಲ್ಲ.

"ಇದು ನನ್ನ ಅಡುಗೆಮನೆ. ಇಲ್ಲಿ ನೀನು ಅತಿಥಿ. ಅತಿಥಿ ಥರ ಇರೋದು ಕಲಿ."

"ಅತಿಥಿನಾ?"

"ಹೌದು, ಅತಿಥಿ."

ಅವನೂ ತಿರುಗಿ ಬೈದಿದ್ದರೆ ಸರಿಹೋಗುತ್ತಿತ್ತು. ಬೈಯಲಿಲ್ಲ. ಕಂಬಳಿ, ರೇಡಿಯೋ, ರೇಜರ್ ತೆಗೆದುಕೊಂಡು ಸೈಕಲ್ ಹತ್ತಿದ. ರೈಲು ಹಳಿಯ ಆಚೆ ತೋಟದ ಸಂಘ ಕೊಟ್ಟ ನಮ್ಮ ತುಂಡು ತೋಟ ಇದೆಯಲ್ಲ, ಅಲ್ಲಿ ಜೇನುಪೆಟ್ಟಿಗೆಗಳ ಪಕ್ಕದ ಗುಡಿಸಲಿಗೆ. ರಾತ್ರಿ ಊಟಕ್ಕೆ ಬರುತ್ತಾನೆ. ಎಲ್ಲಿಗೆ ಹೋಗುತ್ತಾನೆ.

ಅಕ್ಟೋಬರ್ 3

ಬರಲಿಲ್ಲ.

ಇವತ್ತು ಜರ್ಮನ್ ಏಕತಾ ದಿನದ ರಜೆ. ಮಧ್ಯಾಹ್ನ ಬಾಗಿಲ ಗಂಟೆ ಸದ್ದಾಯಿತು. ಕಿಲಿಯಾನ್. ಜೇಬಿನಲ್ಲಿ ಕೀ ಇಟ್ಟುಕೊಂಡು ತನ್ನ ಮನೆಯ ಗಂಟೆ ತಾನೇ ಬಾರಿಸಿ, ಕಾಲೊರಸಿನ ಮೇಲೆ ನಿಂತಿದ್ದಾನೆ.

"ಉಣ್ಣೆ ಕಾಲುಚೀಲ ಬೇಕಿತ್ತು. ಒಳಗೆ ಬರಬಹುದಾ?"

ಮೈಯೆಲ್ಲ ಉರಿದುಹೋಯಿತು. "ಬನ್ನಿ ಬನ್ನಿ," ಎಂದೆ. "ಕೂತ್ಕೊಳ್ಳಿ. ಕಾಫಿ ತಗೋತೀರಾ?"

"ಬೇಡ. ತೊಂದರೆ ತಗೋಬೇಡಿ," ಎಂದ. ನಗಲಿಲ್ಲ. ಕಾಲುಚೀಲ ತೆಗೆದುಕೊಂಡು, ಬಾಗಿಲು ಸದ್ದಾಗದ ಹಾಗೆ ಮುಚ್ಚಿ ಹೋದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ನಾನೂ ಅದೇ ಜಾತಿ, ಅದು ಬೇರೆ ಮಾತು.

ಅಕ್ಟೋಬರ್ 19

ಮಸಾಲೆ ಬಾಟಲಿಗಳನ್ನು ನನ್ನ ಕ್ರಮಕ್ಕೆ ಹಿಂತಿರುಗಿಸಿದೆ. ಚಕ್ಕೆ, ಲವಂಗ, ಏಲಕ್ಕಿ ಕೈಗೆ ಸಿಗುವಲ್ಲಿ. ಜಾಪತ್ರೆ, ಸೋಂಪು ಹಿಂದೆ. ಆಮೇಲೆ ಕಿಟಕಿ ಒರೆಸಿದೆ. ನಿನ್ನೆಯೂ ಒರೆಸಿದ್ದೆ. ಒಂದು ಕಡೆ ಕೂರಲು ಆಗುತ್ತಿಲ್ಲ. ಕೂತರೆ ಎದ್ದು ನಿಲ್ಲಬೇಕೆನಿಸುತ್ತದೆ, ನಿಂತರೆ ನೆಲಮಾಳಿಗೆಗೆ ಇಳಿದು ಜಾಡಿ ನೋಡಬೇಕೆನಿಸುತ್ತದೆ. ಜಾಡಿಯಲ್ಲಿ ನೋಡಲು ಏನಿದೆ. ಮಲಗಿದೆ. ಈ ಮನೆಯಲ್ಲಿ ನೆಮ್ಮದಿಯಾಗಿ ಮಲಗಿರುವುದು ಅದೊಂದೇ.

ಇವತ್ತು ನಾಲ್ಕು ಸಲ ಇಳಿದೆ.

ನವೆಂಬರ್ 11, ಸಂತ ಮಾರ್ಟಿನ್ ದಿನ

ಸಂಜೆ ಮಕ್ಕಳು ಕಾಗದದ ಲಾಂದ್ರ ಹಿಡಿದು ಬೀದಿಯಲ್ಲಿ ಹಾಡಿಕೊಂಡು ಹೋದರು. ನೋಡಲು ಬಾಗಿಲಿಗೆ ಬಂದವಳಿಗೆ ಪಕ್ಕದ ಮನೆಯ ಆಫ್ರಾ ಗಂಟು ಬಿದ್ದಳು. ವಿಧವೆ, ಎಪ್ಪತ್ತು ದಾಟಿದೆ, ನಾಲಿಗೆಗೆ ಮಾತ್ರ ವಯಸ್ಸಾಗಿಲ್ಲ.

"ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ ಅಂತಾರೆ. ಎಷ್ಟು ಊಟ ಆಯ್ತೇ ರೋಸ್ವಿತಾ?"

"ಅವನು ಬರಲಿ. ನಾನೇನು ಬಾಗಿಲಿಗೆ ಅಡ್ಡ ಮಲಗಿದ್ದೀನಾ?"

"ಚಳಿಗಾಲ ಅಂತ ತೋಟದಲ್ಲಿ ನೀರಿನ ಪೈಪು ಬಂದ್ ಮಾಡಿದ್ದಾರೆ, ಗೊತ್ತಾ? ನಿನ್ನ ಗಂಡ ಸ್ಟೇಷನ್ನಿಂದ ಕ್ಯಾನಲ್ಲಿ ನೀರು ಹೊತ್ಕೊಂಡು ಹೋಗ್ತಿದ್ದಾನೆ. ನಾನೇ ನೋಡ್ದೆ."

ತೋಟದ ಸಂಘದ ಅಧ್ಯಕ್ಷ ಡೋರ್ನ್ ಕೂಡ ಬೆಳಿಗ್ಗೆ ಬಂದಿದ್ದ, ಟೋಪಿ ಕೈಯಲ್ಲಿ ಹಿಡಿದು. "ನೋಡಿ, ಚಳಿಗಾಲದಲ್ಲಿ ತೋಟದ ಗುಡಿಸಲಲ್ಲಿ ಯಾರೂ ವಾಸ ಮಾಡೋ ಹಾಗಿಲ್ಲ, ನಿಯಮ. ಕಿಲಿಯಾನ್ ಅಂತ ಸುಮ್ಮನಿದ್ದೀನಿ. ಸ್ವಲ್ಪ ನೀವೇ ಹೇಳ್ರೀ."

"ನೀವೇ ಹೇಳಿ. ನಿಮ್ಮ ಸಂಘ," ಎಂದೆ.

"ಹೇಳ್ದೆ. 'ನಾನು ವಾಸ ಮಾಡ್ತಿಲ್ಲ, ಜೇನು ಕಾಯ್ತಿದ್ದೀನಿ' ಅಂದ."

ಚಳಿಗಾಲದಲ್ಲಿ ಜೇನು ಕಾಯುತ್ತಾನಂತೆ. ಹುಳಗಳು ಒಂದಕ್ಕೊಂದು ಅಂಟಿಕೊಂಡು ಬೆಚ್ಚಗೆ ಕೂತಿವೆ, ಅವಕ್ಕೆ ಇವನ ಕಾವಲು ಬೇಕೇ?

ನವೆಂಬರ್ 23, ಶನಿವಾರ

ಆಫ್ರಾ ಸಕ್ಕರೆ ಕೇಳುವ ನೆಪದಲ್ಲಿ ಬಂದಳು. ಬಟ್ಟಲು ತಂದಿರಲಿಲ್ಲ, ಅಲ್ಲಿಗೇ ಗೊತ್ತಾಯಿತು ಸುದ್ದಿ ಇದೆ ಎಂದು.

ಕಿಲಿಯಾನ್ ಬಾಂಬೆರ್ಗ್ ಊರಿನಲ್ಲಿ, ತನ್ನ ತಮ್ಮನ ಮನೆಯ ಹತ್ತಿರ, ಒಂದು ಕೋಣೆಯ ಮನೆ ನೋಡಿದ್ದಾನಂತೆ. ಜನವರಿಯಿಂದ. ಕ್ರಿಸ್‌ಮಸ್‌ಗೆ ಮೊದಲು ಬಾಡಿಗೆ ಪತ್ರಕ್ಕೆ ಸಹಿ ಹಾಕಬೇಕಂತೆ.

"ಬೆದರಿಸ್ತಾನೆ," ಎಂದೆ.

"ಜೇನುಪೆಟ್ಟಿಗೆನೆಲ್ಲ ಡೋರ್ನ್‌ಗೆ ಕೊಡ್ತೀನಿ ಅಂದನಂತೆ."

ಬೆದರಿಸುವವನು ಜೇನು ಕೊಡುವುದಿಲ್ಲ. ಮದುವೆಯ ಮಾರನೆಯ ದಿನವೇ ಹುಳ ಕಚ್ಚಿಸಿಕೊಂಡು ಮೂತಿ ಊದಿಸಿಕೊಂಡು ಫೋಟೋಕ್ಕೆ ನಿಂತಿದ್ದ ಮನುಷ್ಯ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಫ್ರಾ ಹೋದ ಮೇಲೆ ಬಹಳ ಹೊತ್ತು ಫ್ರಿಜ್ ಎದುರು ನಿಂತಿದ್ದೆ. ಟೈಮ್‌ಟೇಬಲ್ ಅಂಟಿಸಿದ್ದ ಟೇಪಿನ ಗುರುತು ಇನ್ನೂ ಇದೆ. ನನಗೆ ಅವನು ಬೇಕು. ಬರೆದಿದ್ದೇನೆ, ಅಳಿಸುವುದಿಲ್ಲ. ಆದರೆ ಹೋಗಿ ಕಾಲಿಗೆ ಬೀಳುವವಳಲ್ಲ.

ನವೆಂಬರ್ 30, ಶನಿವಾರ

ಒಬ್ಬಳೇ ಮಾಡುತ್ತೇನೆಂದು ಹೊರಟೆ. ಅವನಿಲ್ಲದಿದ್ದರೆ ಬಿಸ್ಕತ್ತು ಆಗುವುದಿಲ್ಲವೇ, ನೋಡೋಣ ಎಂದು.

ಜಾಡಿಯನ್ನು ನಿನ್ನೆಯೇ ಮೇಲೆ ತಂದು ಒಲೆಯ ಪಕ್ಕ ಇಟ್ಟಿದ್ದೆ. ಆದರೂ ಕಲ್ಲು. ಎರಡು ತಿಂಗಳು ಮಲಗಿದ ಹಿಟ್ಟು ಚಮಚಕ್ಕೆ ಬಗ್ಗುವುದಿಲ್ಲ, ಅದನ್ನು ಮುರಿಯಬೇಕು. ಒಬ್ಬರು ಮಡಿಸಬೇಕು, ಇನ್ನೊಬ್ಬರು ಮೈಭಾರ ಹಾಕಿ ಒತ್ತಬೇಕು. ಮಡಿಸುವವಳು ಯಾವಾಗಲೂ ನಾನು. ಇವತ್ತು ಅರ್ಧ ಮಾತ್ರ ಕಿತ್ತುಕೊಂಡೆ. ಮಡಿಸಿ, ಮೇಜು ಸುತ್ತಿ ಆ ಕಡೆ ಹೋಗಿ ಒತ್ತಿ, ಮತ್ತೆ ಈ ಕಡೆ ಬಂದು ಮಡಿಸಿ... ಗಾಣದೆತ್ತು. ಮಸಾಲೆ ಹಾಕಿದ ಮೇಲೆ ಪರಿಮಳ ಬಂತು, ಸ್ವಲ್ಪ ಧೈರ್ಯವೂ ಬಂತು.

ಉಬ್ಬಿಸುವ ಎರಡು ಪುಡಿ ನೋಡಿಕೊಳ್ಳುವುದು ಅವನ ಕೆಲಸ. ಪೊಟ್ಯಾಷ್ ಒಂದು, ಅಮೋನಿಯ ಘಾಟಿನ ಜಿಂಕೆಕೊಂಬಿನ ಉಪ್ಪು ಒಂದು. ಒಂದು ಅಗಲಕ್ಕೆ ಎಳೆಯುತ್ತದೆ, ಇನ್ನೊಂದು ಎತ್ತರಕ್ಕೆ ಎತ್ತುತ್ತದೆ. ಪ್ರತಿ ವರ್ಷ ಅವನು ಎರಡು ಲೋಟ ಹಿಡಿದು ನಿಂತಿರುವುದನ್ನು ನೋಡಿದ್ದೇನೆ. ಲೋಟ ತೊಳೆಯುವವಳು ನಾನು, ಒಂದು ಉಳಿಸೋಣ ಎಂದು ಎರಡನ್ನೂ ಒಂದರಲ್ಲೇ ರಮ್ ಹಾಕಿ ಕದಡಿದೆ.

ನೊರೆ ಎದ್ದು ಲೋಟ ದಾಟಿ ಮೇಜು ದಾಟಿ ನನ್ನ ಚಪ್ಪಲಿಗೆ ಇಳಿಯಿತು. ಘಾಟು ಮೂಗಿಗೆ ಹೊಡೆದು ಕಿಟಕಿ ತೆಗೆದೆ. ಲೋಟದಲ್ಲಿ ಉಳಿದದ್ದನ್ನೇ ಹಿಟ್ಟಿಗೆ ಹಾಕಿದೆ. ಹಠ.

ಡಿಸೆಂಬರ್ 1, ಮೊದಲ ಆಡ್ವೆಂಟ್

ಬೇಯಿಸಿದೆ. ಉಬ್ಬಿಲ್ಲ. ಬಿಸ್ಕತ್ತಿನ ಅಚ್ಚಿನಿಂದ ಬಿದ್ದ ಕುದುರೆ ಸವಾರ ಇಸ್ತ್ರಿ ಹಾಕಿಸಿಕೊಂಡವನ ಹಾಗೆ ಚಪ್ಪಟೆ. ಆರಿದ ಮೇಲೆ ಮೇಜಿಗೆ ಬಡಿದು ನೋಡಿದೆ. ಮೇಜಿಗೆ ಗುರುತು ಬಿತ್ತು.

ಕ್ರಿಸ್‌ಮಸ್‌ವರೆಗೆ ಭಾನುವಾರಕ್ಕೊಂದರಂತೆ ಹಚ್ಚುವ ಆಡ್ವೆಂಟ್ ಮಾಲೆಯ ಮೊದಲ ಮೇಣದಬತ್ತಿ ಹಚ್ಚಿದೆ. ಒಬ್ಬಳೇ ಎಷ್ಟು ಹೊತ್ತು ಅದನ್ನು ನೋಡುವುದು. ಆರಿಸಿದೆ.

ನಮಗೆ ಮಕ್ಕಳಿಲ್ಲ. ನಮ್ಮ ಬಿಸ್ಕತ್ತು ಹೋಗುವುದೆಲ್ಲ ಅಕ್ಕಪಕ್ಕಕ್ಕೆ, ತಟ್ಟೆ ತಟ್ಟೆ. ಇದನ್ನು ಯಾರಿಗೆ ಕೊಡಲಿ? ಹಕ್ಕಿಯೂ ಮೂಸುವುದಿಲ್ಲ. ಆಗ ಕೋಪವೋ ಏನೋ, ಒಂದು ತಟ್ಟೆ ತುಂಬಿಸಿ ಆಫ್ರಾ ಕೈಗೆ ಕೊಟ್ಟೆ.

"ಅವನಿಗೆ ಕೊಟ್ಬಿಡು."

ಆಫ್ರಾ ಒಂದನ್ನು ಬೆರಳಿನಿಂದ ತಟ್ಟಿದಳು. "ಏನಂತ ಹೇಳ್ಲಿ? ತಿನ್ನು ಅಂತಲೋ, ತಲೆ ಮೇಲೆ ಹಾಕ್ಕೋ ಅಂತಲೋ?"

"ಏನೂ ಹೇಳ್ಬೇಡ."

ಡಿಸೆಂಬರ್ 3

ನಮ್ಮ ಕಡೆ ಯಾರೂ ತಟ್ಟೆ ಖಾಲಿ ಹಿಂತಿರುಗಿಸುವುದಿಲ್ಲ. ಕಿಲಿಯಾನ್ ಕೂಡ. ತಟ್ಟೆ ಬಂತು, ಮೇಲೆ ಒಂದೇ ಒಂದು ಸೇಬು. ತೋಟದ ಹಳೆ ಮರದ್ದು, ಒರಟು ಸಿಪ್ಪೆ.

"ಅಷ್ಟೇನಾ?" ಎಂದೆ.

"ಅಷ್ಟೇ. 'ಕೊಟ್ಬಿಡು' ಅಂದ. ನೀನೂ 'ಕೊಟ್ಬಿಡು', ಅವನೂ 'ಕೊಟ್ಬಿಡು'. ನನ್ನನ್ನೇನು ಪೋಸ್ಟ್‌ಮ್ಯಾನ್ ಅಂದ್ಕೊಂಡಿದ್ದೀರಾ?"

ಮೊದಲು ಅವಮಾನವಾಯಿತು. ಒಂದು ತಟ್ಟೆ ಬಿಸ್ಕತ್ತಿಗೆ ಒಂದು ಸೇಬು. ಆಮೇಲೆ ಸೇಬನ್ನು ತಿರುಗಿಸುತ್ತ ಕೂತವಳಿಗೆ ಹೊಳೆಯಿತು. ಗಟ್ಟಿ ಲೇಬ್‌ಕೂಖನ್ ಮೆತ್ತಗಾಗಬೇಕಾದರೆ ಏನು ಮಾಡುತ್ತೇವೆ? ಡಬ್ಬಿಗೆ ಹಾಕಿ, ಒಂದು ಹೋಳು ಸೇಬು ಇಟ್ಟು, ಮುಚ್ಚಳ ಹಾಕಿ, ಮರೆತುಬಿಡುತ್ತೇವೆ. ಊರಿನ ಪ್ರತಿ ಮಗುವಿಗೂ ಗೊತ್ತು. ಎಸೆಯಬೇಡ ಎಂದು ಹೇಳಿ ಕಳಿಸಿದ್ದಾನೆ.

ಅಥವಾ ಗುಡಿಸಲಲ್ಲಿ ಸೇಬು ಬಿಟ್ಟು ಬೇರೇನೂ ಇರಲಿಲ್ಲವೋ.

ನನ್ನಲ್ಲಿ ಉಳಿದ ಬಿಸ್ಕತ್ತನ್ನು ಡಬ್ಬಿಗೆ ತುಂಬಿಸಿ, ಹೋಳು ಇಟ್ಟು ಮುಚ್ಚಿದ್ದೇನೆ.

ಡಿಸೆಂಬರ್ 4

ತೆಗೆದು ನೋಡಿದೆ. ಗಟ್ಟಿ.

ಡಿಸೆಂಬರ್ 5

ಗಟ್ಟಿ. ತೆಗೆದಷ್ಟೂ ತಡವಾಗುತ್ತದೆ, ಗೊತ್ತು. ಡಬ್ಬಿಯನ್ನು ಬೀರುವಿನ ಮೇಲಿಟ್ಟೆ, ಕೈಗೆ ಸಿಗದ ಹಾಗೆ. ಸ್ಟೂಲು ಹತ್ತಿ ತೆಗೆದೆ.

ಡಿಸೆಂಬರ್ 6, ನಿಕೊಲಾಸ್ ಹಬ್ಬ

ಸಂತ ನಿಕೊಲಾಸ್ ಸಿಹಿ ತುಂಬಲೆಂದು ಬೀದಿಯ ಎಲ್ಲ ಬಾಗಿಲಲ್ಲೂ ಮಕ್ಕಳ ಬೂಟು. ನಮ್ಮ ಬಾಗಿಲಲ್ಲಿ ಅವನ ಹಳೆಯ ತೋಟದ ಬೂಟು, ಸೆಪ್ಟೆಂಬರ್‌ನಿಂದ ಹಾಗೇ ಬಿದ್ದಿದೆ. ಒಳಗೆ ಎರಡು ಅಕ್ರೋಟು ಹಾಕಿದೆ. ನಾಚಿಕೆಯಾಗಿ ತೆಗೆದೆ. ಮತ್ತೆ ಹಾಕಿದೆ. ಸಂಜೆಯೊಳಗೆ ಅಳಿಲು ಒಯ್ದಿತ್ತು.

ಡಿಸೆಂಬರ್ 12, ಗುರುವಾರ

ನೀರು ಕಲ್ಲಾಗುವ ಚಳಿ. ಮೈನ್ ನದಿಯ ಅಂಚಿನಲ್ಲಿ ಹೆಪ್ಪು. ಮಾಳಿಗೆಯ ಕಿಟಕಿಯಿಂದ ನೋಡಿದರೆ ಹಳಿಯ ಆಚೆ ತೋಟಗಳು ಕಾಣುತ್ತವೆ. ಒಂದೇ ಒಂದು ಹೊಗೆ. ಬೆಳಿಗ್ಗೆ ನೋಡಿದೆ, ಇತ್ತು. ಹನ್ನೊಂದಕ್ಕೆ ನೋಡಿದೆ, ಇರಲಿಲ್ಲ. ಕೋಟು ಹಾಕಿಕೊಂಡು ಬಾಗಿಲವರೆಗೆ ಹೋಗಿ, ಮತ್ತೆ ಮೇಲೆ ಓಡಿ ಬಂದು ನೋಡಿದರೆ ಹೊಗೆ ಬಂದಿತ್ತು. ಸೌದೆ ತರಲು ಹೋಗಿದ್ದಿರಬೇಕು, ಪಾಪಿ. ಕೋಟು ಬಿಚ್ಚಿದೆ.

ಸಂಜೆ ಆಫ್ರಾ. ಸೋಮವಾರ ಬೆಳಿಗ್ಗೆಯ ರೈಲಿಗೆ ಬಾಂಬೆರ್ಗ್‌ಗೆ ಹೋಗುತ್ತಾನಂತೆ. ಸಹಿ ಹಾಕಲು.

ಡಬ್ಬಿ ತೆಗೆದೆ. ಅಂಚು ಮಾತ್ರ ಸ್ವಲ್ಪ ಮೆತ್ತಗಾಗಿದೆ. ನಡುವೆ ಹಾಗೇ ಇದೆ. ಇನ್ನೂ ಎರಡು ವಾರ ಬೇಕು. ಸೋಮವಾರಕ್ಕೆ ಎರಡು ವಾರ ಎಲ್ಲಿಂದ ತರಲಿ.

ಡಿಸೆಂಬರ್ 13, ಶುಕ್ರವಾರ

ಜಾಡಿಯಲ್ಲಿ ಅರ್ಧ ಹಿಟ್ಟು ಉಳಿದಿದೆ. ನೆಲಮಾಳಿಗೆಯಿಂದ ಮತ್ತೆ ಮೇಲೆ ತಂದು ಒಲೆಯ ಪಕ್ಕ ಇಟ್ಟೆ.

ಒಂದು ಉಪಾಯ ಇದೆ. ಬರೆದರೆ ಧೈರ್ಯ ಹೋಗುತ್ತದೆ.

ಡಿಸೆಂಬರ್ 14, ಶನಿವಾರ. ಸಂಜೆ

ಜಾಡಿಗೆ ಕಂಬಳಿ ಸುತ್ತಿ ಮರದ ಹಿಮ ಜಾರುಬಂಡಿಗೆ ಕಟ್ಟಿದೆ. ಮಸಾಲೆಯ ಪೊಟ್ಟಣ, ಎರಡು ಪುಡಿ, ರಮ್ಮಿನ ಬಾಟಲಿ, ಈ ಸಲ ಎರಡು ಲೋಟ. ಆಫ್ರಾ ಕಿಟಕಿಯಿಂದ ಕೂಗಿದಳು, "ಯಾರದೇ ಹೆಣ ಅದು?" ಬೀದಿಯುದ್ದಕ್ಕೂ ಹಿಮದ ಮೇಲೆ ಜಾಡಿ ಎಳೆದುಕೊಂಡು ಹೋದೆ. ಹಳಿ ದಾಟುವಾಗ ಒಂದು ಸಲ ಉರುಳಿತು. ಒಡೆಯಲಿಲ್ಲ.

ಗುಡಿಸಲ ಬಾಗಿಲು ತಟ್ಟಿದೆ. ಅಲ್ಲಿ ಅತಿಥಿ ನಾನು.

"ಯಾರು?"

"ಹಿಟ್ಟು ತಂದಿದ್ದೀನಿ."

ಬಾಗಿಲು ತೆಗೆದ. ಗಡ್ಡ ಬಿಟ್ಟಿದ್ದಾನೆ, ಬಿಳಿ. ಎರಡು ಸ್ವೆಟರ್ ಹಾಕಿಕೊಂಡೂ ಸೊರಗಿದ್ದು ಕಾಣುತ್ತಿತ್ತು. ಅವನು ನನ್ನನ್ನು ನೋಡಲಿಲ್ಲ, ಜಾಡಿಯೊಳಗೆ ಇಣುಕಿದ.

"ಅರ್ಧಾನೇ ಇದೆ."

"ಇನ್ನರ್ಧದ ಬಿಸ್ಕತ್ತು ಕಳಿಸಿದ್ದೆನಲ್ಲ. ತಿನ್ನಲಿಲ್ವಾ?"

"ಕಿಟಕಿ ಗಾಳಿಗೆ ಬಡ್ಕೋತಿತ್ತು. ಅದಕ್ಕೆ ಒಂದನ್ನ ಸಿಕ್ಕಿಸಿದ್ದೀನಿ. ಚೆನ್ನಾಗಿ ಹಿಡ್ಕೊಂಡಿದೆ."

ನೋಡಿದೆ. ನಿಜ. ಕಿಟಕಿಯ ಸಂದಿನಲ್ಲಿ ನನ್ನ ಕುದುರೆ ಸವಾರ, ತಲೆ ಮಾತ್ರ ಹೊರಗೆ. ನಗಬಾರದೆಂದು ಎಷ್ಟು ತಡೆದರೂ ನಗು ಬಂದುಬಿಟ್ಟಿತು. ಅವನ ಗಡ್ಡವೂ ಸ್ವಲ್ಪ ಅಲ್ಲಾಡಿತು.

"ಎರಡನ್ನೂ ಒಂದೇ ಲೋಟದಲ್ಲಿ ಕದಡಿದೆಯಾ?"

"ಹೂಂ."

"ನೊರೆ ಬಂತಾ?"

"ಚಪ್ಪಲಿ ತನಕ."

ಚಿಕ್ಕ ಮೇಜು ಎಳೆದ. ಕೈ ತೊಳೆದುಕೊಳ್ಳಲು ಕ್ಯಾನಿನ ನೀರು ಸುರಿದ, ಮೊದಲು ನನಗೆ. ನಾನು ಮಡಿಸಿದೆ, ಅವನು ಒತ್ತಿದ. ಮಡಿಸಿದೆ, ಒತ್ತಿದ. ಒಬ್ಬಳೇ ಮೇಜು ಸುತ್ತಿದ್ದೆಲ್ಲ ನೆನಪಾಯಿತು. ಹಿಟ್ಟು ಬೇಗ ಬಗ್ಗಿತು, ಹೊಳಪು ಬಂತು. ಚಕ್ಕೆ, ಲವಂಗ ಬಿದ್ದ ಮೇಲೆ ಗುಡಿಸಲಿಗೆ ನಮ್ಮ ಮನೆಯ ವಾಸನೆ ಬಂತು.

ಅವನು ಎರಡು ಲೋಟ ಬೇರೆ ಬೇರೆ ಇಟ್ಟು ಪುಡಿ ಕದಡುವಾಗ ಕೇಳಿದೆ, "ಸೋಮವಾರ ಬಾಂಬೆರ್ಗ್‌ಗೆ ಹೋಗ್ತೀಯಂತೆ."

"ಹೋಗ್ಬೇಕು ಅಂತ ಇದೆ."

"ಅಲ್ಲಿ ಓವನ್ ಇದೆಯಾ?"

"ಎರಡು ಬರ್ನರ್ ಸ್ಟವ್."

"ಜೇನು?"

ಕದಡುವುದನ್ನು ನಿಲ್ಲಿಸಲಿಲ್ಲ. "ಅತಿಥಿಗೆ ಪೆಟ್ಟಿಗೆ ಇಟ್ಕೊಳ್ಳೋಕೆ ಜಾಗ ಎಲ್ಲಿರತ್ತೆ, ರೋಸಿ."

ಜಿಂಕೆಕೊಂಬಿನ ಉಪ್ಪಿನ ಘಾಟು ಎದ್ದಿತು. ಇಬ್ಬರ ಕಣ್ಣಲ್ಲೂ ನೀರು. ಆ ಮಾತು ಆಡಬಾರದಿತ್ತು ಎಂದು ಅಲ್ಲೇ, ಆಗಲೇ ಹೇಳಬೇಕಿತ್ತು. ನಾಲಿಗೆ ಏಳಲಿಲ್ಲ. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ಆದರೂ.

ಪೊಟ್ಯಾಷ್ ಮೊದಲು ಹಾಕಿ ನಾದಿದ. ಆಮೇಲೆ ಇನ್ನೊಂದು. ಕೈ ನಿಲ್ಲಿಸಿದ. ಈಗ ಹೊಳೆಯಿತು ಅವನಿಗೆ.

"ಇದು ಬಿದ್ದ ಮೇಲೆ ಹಿಟ್ಟನ್ನ ಬಹಳ ದಿನ ಇಡೋ ಹಾಗಿಲ್ಲ. ನಾಳೆನೇ ಬೇಯಿಸ್ಬೇಕು."

"ಗೊತ್ತು."

"ಇಲ್ಲಿ ಓವನ್ ಇಲ್ಲ."

"ಅದೂ ಗೊತ್ತು."

ನನ್ನ ಮುಖ ನೋಡಿದ. ಸೆಪ್ಟೆಂಬರ್ ಆದ ಮೇಲೆ ಮೊದಲ ಸಲ ಸರಿಯಾಗಿ ನೋಡಿದ್ದು.

"ನಾಳೆ ಬೆಳಿಗ್ಗೆ ಎಂಟಕ್ಕೆ ಅಚ್ಚು ಒತ್ತಬೇಕು, ಒಬ್ಬಳಿಂದ ಆಗಲ್ಲ," ಎಂದೆ. ಮೇಜನ್ನೇ ನೋಡುತ್ತ ಹೇಳಿದೆ. "ಬರೋನು ಗಂಟೆ ಬಾರಿಸ್ಬೇಡ. ನನ್ನ ಕೈಯೆಲ್ಲ ಹಿಟ್ಟಾಗಿರತ್ತೆ, ಬಾಗಿಲು ತೆಗೆಯೋಕಾಗಲ್ಲ. ನೀನೇ ತೆಕ್ಕೊಂಡು ಬಾ."

ಕೈಗಂಟಿದ ಹಿಟ್ಟು ಉಜ್ಜಿಕೊಂಡ. "ಕೀ ಎಲ್ಲಿಟ್ಟಿದ್ದೀನೋ ನೋಡ್ಬೇಕು."

ಕೀ ಅವನ ತಲೆಯ ಹಿಂದೆಯೇ, ಮೊಳೆಯಲ್ಲಿ ನೇತಾಡುತ್ತಿತ್ತು. ನಾನೂ ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ.

ಜಾರುಬಂಡಿಯನ್ನು ತೋಟದ ಗೇಟಿನವರೆಗೆ ತಳ್ಳಿಕೊಟ್ಟ. "ಹಿಟ್ಟು ತಣ್ಣಗಿರೋ ಕಡೆ ಇಡು," ಎಂದ. ಮೂವತ್ತು ವರ್ಷದಿಂದ ಅಲ್ಲೇ ಇಡುತ್ತಿದ್ದೇನೆ. ಆದರೂ "ಆಯ್ತು" ಎಂದೆ.

ಡಿಸೆಂಬರ್ 15, ಮೂರನೆಯ ಆಡ್ವೆಂಟ್. ಬೆಳಿಗ್ಗೆ

ಐದಕ್ಕೇ ಎದ್ದೆ. ಓವನ್ ಹಚ್ಚಿದ್ದೇನೆ. ತುಂಬ ಬೇಗ ಹಚ್ಚಿದೆ, ಆರಿಸಿ ಮತ್ತೆ ಹಚ್ಚಿದೆ. ಅಚ್ಚುಗಳಿಗೆ ಹಿಟ್ಟು ಉದುರಿಸಿಟ್ಟಿದ್ದೇನೆ, ಹೃದಯ, ಪಾದ್ರಿ, ಸವಾರ. ಸವಾರನನ್ನು ಒತ್ತುವುದು ಅವನು. ಕಣಕ ಮೇಜಿನ ಮೇಲಿದೆ, ಬಟ್ಟೆ ಮುಚ್ಚಿ. ಮೇಣದಬತ್ತಿ ಹಚ್ಚಿಲ್ಲ. ಒಬ್ಬಳೇ ಹಚ್ಚುವುದಿಲ್ಲ.

ನಿನ್ನೆ "ಬರ್ತೀನಿ" ಎಂದನೇ? ಇಲ್ಲ. ನೆನಪು ಮಾಡಿ ಮಾಡಿ ನೋಡಿದೆ. ಬರುತ್ತೇನೆ ಎಂದಿಲ್ಲ.

ಬಂದು ಗಂಟೆ ಬಾರಿಸಿದರೆ? ಬಾಗಿಲು ತೆಗೆಯುತ್ತೇನೆ, ಬಿಸ್ಕತ್ತು ಬೇಯಿಸುತ್ತೇವೆ, ಕಾಫಿ ಕೊಡುತ್ತೇನೆ, ಬೇಡ ತೊಂದರೆ ತಗೋಬೇಡಿ ಎನ್ನುತ್ತಾನೆ. ಸೋಮವಾರದ ರೈಲು ಹತ್ತುತ್ತಾನೆ. ಅದೇ ಆಗುತ್ತದೆ. ಗಂಟೆ ಬಾರಿಸಿದರೆ ಅಷ್ಟೇ ಅರ್ಥ.

ಎಂಟಕ್ಕೆ ಐದು ನಿಮಿಷ. ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿದೆ, ಹಳೆಯ ಟೇಪಿನ ಗುರುತಿನ ಮೇಲೆಯೇ. "ಆಲೂಗಡ್ಡೆ 11.38." ಕಿತ್ತು ಹಾಕೋಣವೆಂದು ಎರಡು ಸಲ ಎದ್ದೆ. ಇರಲಿ.

ಕೂತಲ್ಲಿ ಕೂರಲಾಗದೆ ಇದನ್ನು ಬರೆಯುತ್ತಿದ್ದೇನೆ. ಚರ್ಚಿನ ಗಂಟೆ ಹೊಡೆಯುತ್ತಿದೆ. ಎಂಟು.

ಗೇಟು. ಗೋಡೆಗೆ ಸೈಕಲ್ ಒರಗಿಸುವ ಸದ್ದು. ಅವನೇ. ಮೆಟ್ಟಿಲ ಮೇಲೆ ಬೂಟಿನ ಹಿಮ ಕೊಡವುತ್ತಿದ್ದಾನೆ. ಇಷ್ಟು ಹೊತ್ತು ಯಾರು ಕೊಡವುತ್ತಾರೆ. ನಿಂತ. ಈಗ ಗಂಟೆ...

ಇಲ್ಲ. ಬೀಗದಲ್ಲಿ ಕೀ.

ಅಯ್ಯೋ, ನನ್ನ ಕೈಗೆ ಹಿಟ್ಟೇ ಆಗಿಲ್ಲ, ಬೇಗ —